ದ್ವೀಪಯಾತ್ರೆಯ ತಕ್ಕಡಿ

ಪ್ರವಾಸಕ್ಕಿಂತ ಪ್ರವಾಸದ ಸಿದ್ಧತೆಯೇ ಸೊಗಸೆಂದು ನಂಬಿದವರ ಪೈಕಿ ನಾನೂ ಒಬ್ಬ. ಹೊರಟ ಮೇಲೆ ಬಿಸಿಲು, ಧೂಳು, ಹೋಟೆಲಿನ ಆರಿದ ಸಾರು ಇದ್ದದ್ದೇ. ಆದರೆ ಹೊರಡುವ ಮುನ್ನ, ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ನಕ್ಷೆಯನ್ನು ಹರಡಿಕೊಂಡು ಬೆರಳ ತುದಿಯಲ್ಲೇ ಊರೂರು ಸುತ್ತುವ ಸುಖಕ್ಕೆ ಕಾಸಿನ ಖರ್ಚೂ ಇಲ್ಲ, ಕಾಲುನೋವೂ ಇಲ್ಲ. ನನ್ನ ಈ ಹಳೆಯ ನಂಬಿಕೆ ಈ ವರ್ಷ ಅಲುಗಾಡಿಹೋಯಿತು. ಅದಕ್ಕೆ ಕಾರಣ ಒಂದು ಸಣ್ಣ ವಿಮಾನ, ಮತ್ತು ನನ್ನ ಅಜ್ಜಿ.

ಮಂಗಳೂರಿನ ನಮ್ಮ ಕಾಲೇಜಿನ ಕೆಲವು ಮಿತ್ರರು, ಅವರವರ ಮನೆಯವರು ಸೇರಿ ಹನ್ನೊಂದು ಮಂದಿ ಬರುವ ಡಿಸೆಂಬರಿನಲ್ಲಿ ಲಕ್ಷದ್ವೀಪದ ಅಗತ್ತಿಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಕನ್ನಡ ಕಲಿಸುವವನಿಗೆ ಬಿಡುವು ಹೆಚ್ಚೆಂಬ ತಪ್ಪು ತಿಳಿವಳಿಕೆ ನಮ್ಮ ಕಾಲೇಜಿನಲ್ಲಿ ಆಳವಾಗಿ ಬೇರೂರಿದೆ. ಹಾಗಾಗಿ ವ್ಯವಸ್ಥೆಯ ಹೊಣೆಯೆಲ್ಲ ನನ್ನ ಹೆಗಲಿಗೇ ಬಿತ್ತು. ದ್ವೀಪದವರಲ್ಲದ ಯಾರೇ ಆಗಲಿ ಅಲ್ಲಿ ಕಾಲಿಡಲು ಅನುಮತಿಪತ್ರ ಬೇಕು. ಅದರ ಅರ್ಜಿಗಳು, ಭಾವಚಿತ್ರಗಳು, ಗುರುತಿನ ಚೀಟಿಗಳು ನನ್ನ ಮೇಜಿನ ಮೇಲೆ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಜೊತೆ ಬೆರೆತುಹೋದವು.

ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ದ್ವೀಪಗಳಿಗೆ ಹದಿನಾಲ್ಕರಿಂದ ಹದಿನೆಂಟು ಗಂಟೆಯ ದಾರಿ. ವಿಮಾನದಲ್ಲಾದರೆ ಒಂದೂವರೆ ಗಂಟೆಯ ಮಾತು. ಆದರೆ ಆ ವಿಮಾನ ನಾವು ಬೊಂಬಾಯಿ, ದೆಹಲಿಗಳಿಗೆ ಹತ್ತುವಂಥದ್ದಲ್ಲ. ಎರಡು ಎಂಜಿನ್, ಒಂದೊಂದಕ್ಕೆ ಆರು ಅಲಗಿನ ಪ್ರೊಪೆಲ್ಲರ್, ಸುಮಾರು ಎಪ್ಪತ್ತು ಆಸನ. ದೊಡ್ಡದು ಅಲ್ಲಿಗೆ ಹೋಗುವಂತಿಲ್ಲ. ಜನವಸತಿಯಿರುವ 10 ದ್ವೀಪಗಳಲ್ಲಿ ವಿಮಾನ ಇಳಿಯುವ ನೆಲವಿರುವುದು ಅಗತ್ತಿಯೊಂದರಲ್ಲೇ. ಆ ದ್ವೀಪವಾದರೋ ಉದ್ದ ಏಳೂವರೆ ಕಿಲೋಮೀಟರು, ಅಗಲ ಬಹುಪಾಲು ಕಡೆ ಒಂದು ಕಿಲೋಮೀಟರಿಗೂ ಕಡಿಮೆ. ಅದರ ದಕ್ಷಿಣದ ತುದಿಯಲ್ಲಿ, ಎರಡೂ ಪಕ್ಕದಲ್ಲಿ ಕಡಲನ್ನಿಟ್ಟುಕೊಂಡು ಮಲಗಿರುವ ರನ್‌ವೇ ಸುಮಾರು 1,200 ಮೀಟರು. 1988ರಲ್ಲಿ ತೆರೆದಾಗ ಅದನ್ನು ಕಟ್ಟಿದ್ದೇ ಹತ್ತೊಂಬತ್ತು ಆಸನದ ಪುಟ್ಟ ಡೋರ್ನಿಯರ್ ವಿಮಾನಗಳಿಗಾಗಿ. ನಮ್ಮ ಮಂಗಳೂರಿನ ರನ್‌ವೇ 2,450 ಮೀಟರು. ಅಲ್ಲಿಯದು ಅದರ ಅರ್ಧವೂ ಇಲ್ಲ.

ಈ ಲೆಕ್ಕವನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. 2010ರ ಮೇ 22ರ ಬೆಳಗನ್ನು ಕಂಡ ಊರಿನವರು ನಾವು. ಬಜ್ಪೆಯ ಗುಡ್ಡದಿಂದ ಜಾರಿದ ವಿಮಾನದಲ್ಲಿ ಅಂದು 158 ಜೀವಗಳು ಹೋದವು. ಆಗ ನಾನಿನ್ನೂ ವಿದ್ಯಾರ್ಥಿ. ಇಂದಿಗೂ ರನ್‌ವೇ ಎಂಬ ಮಾತು ಬಂದರೆ ನಮ್ಮ ಮನೆಗಳಲ್ಲಿ ಒಂದು ಗಳಿಗೆ ಮಾತು ನಿಲ್ಲುತ್ತದೆ. ನನ್ನ ಹೆಂಡತಿ ಏನೂ ಹೇಳಲಿಲ್ಲ. ಆದರೆ ಮಕ್ಕಳ ಬಟ್ಟೆ ಮಡಿಸುತ್ತಿದ್ದವಳು ಅದನ್ನು ಬಿಚ್ಚಿ ಮತ್ತೊಮ್ಮೆ ಮಡಿಸಿದಳು.

ಧೈರ್ಯ ಬೇಕೆಂದು ನನ್ನ ಸೋದರಮಾವನ ಬಳಿಗೆ ಹೋದೆ. ಅವರು ವಾಯುಪಡೆಯ ಸಾಗಣೆ ವಿಮಾನಗಳಲ್ಲಿ ದುಡಿದು ನಿವೃತ್ತರಾದವರು. ಧೈರ್ಯ ಹೇಳುವ ಬದಲು ಅವರು ಲೆಕ್ಕ ಹೇಳಿದರು.

"ಅಳಿಯಾ, ವಿಮಾನಕ್ಕೆ ಧೈರ್ಯ ಬೇಕಿಲ್ಲ, ತೂಕ ಗೊತ್ತಿರಬೇಕು. ಎರಡು ಎಂಜಿನಿನ ಪ್ರಯಾಣಿಕ ವಿಮಾನ ಒಂದು ಕೆಟ್ಟರೆ ಇನ್ನೊಂದರಲ್ಲಿ ಹಾರಿ ಬರಲೇಬೇಕೆಂದು ನಿಯಮವಿದೆ. ಆದರೆ ಅದು ಅಳತೆಯ ಭಾರ ಹೊತ್ತಿದ್ದಾಗ ಮಾತ್ರ. ದ್ವೀಪದ ಸುತ್ತ ಬೇರೆ ನಿಲ್ದಾಣವಿಲ್ಲ. ಅಲ್ಲಿ ಇಳಿಯಲಾಗದೆ ಹೋದರೆ ಏನು ಮಾಡಬೇಕು ಎಂಬುದಕ್ಕೂ ಇಂಧನ ಹೊತ್ತಿರಬೇಕು. ಇಂಧನ ಹೆಚ್ಚಿದರೆ ಜನ, ಸಾಮಾನು ಕಡಿಮೆಯಾಗಬೇಕು. ರನ್‌ವೇ ಗಿಡ್ಡವಾದರಂತೂ ಮತ್ತಷ್ಟು ಕಡಿಮೆ. ನಿನ್ನ ಪೆಟ್ಟಿಗೆಯನ್ನು ಅವರು ತೂಗಿ ಬೇಡವೆಂದರೆ ಜಗಳ ಕಾಯಬೇಡ."

ಆಮೇಲೆ ಕಾಗದದ ಮೇಲೆ ಒಂದು ಗೆರೆ ಎಳೆದರು. ಈ ತುದಿ ಕೊಚ್ಚಿ, ಆ ತುದಿ ಅಗತ್ತಿ, ನಡುವೆ 459 ಕಿಲೋಮೀಟರು ನೀರು. ಗೆರೆಯ ಮೇಲೊಂದು ಚುಕ್ಕೆಯಿಟ್ಟರು. ಅಲ್ಲಿಂದ ಹಿಂದಿರುಗಲು ಎಷ್ಟು ಹೊತ್ತೋ ಮುಂದೆ ಹೋಗಲೂ ಅಷ್ಟೇ ಹೊತ್ತು. ಗಾಳಿ ಎದುರಿನಿಂದ ಬೀಸಿದರೆ ಆ ಚುಕ್ಕೆ ನಡುದಾರಿಯಿಂದ ಆಚೆಗೆ, ಬೆನ್ನಿಗೆ ಬೀಸಿದರೆ ಈಚೆಗೆ ಸರಿಯುತ್ತದೆ. "ಚುಕ್ಕೆಗೆ ಮುಂಚೆ ತೊಂದರೆ ಬಂದರೆ ತಿರುಗು, ದಾಟಿದ ಮೇಲೆ ಬಂದರೆ ಮುಂದೆ ನಡೆ. ಇದನ್ನು ನೆಲದ ಮೇಲೆ ಕೂತು, ಮನಸ್ಸು ತಣ್ಣಗಿರುವಾಗ ಬರೆದಿಟ್ಟುಕೊಂಡಿರುತ್ತಾರೆ. ಕಡಲ ಮೇಲೆ ಹೋಗಿ ಯೋಚಿಸುತ್ತೇನೆಂದವನು ಯೋಚಿಸುವುದಿಲ್ಲ, ಹೆದರುತ್ತಾನೆ."

ಕೊನೆಗೆ ಲೈಫ್ ಜಾಕೆಟ್ಟಿನ ಪಾಠವಾಯಿತು. 1996ರ ನವೆಂಬರಿನಲ್ಲಿ, ಅಪಹರಣಕ್ಕೊಳಗಾಗಿ ಇಂಧನ ತೀರಿದ ದೊಡ್ಡ ವಿಮಾನವೊಂದು ಕೊಮೊರೊಸ್ ದ್ವೀಪದ ದಡದ ಬಳಿ ನೀರಿಗಿಳಿಯಿತು. ವಿಮಾನದ ಒಳಗೇ ಜಾಕೆಟ್ಟಿಗೆ ಗಾಳಿ ತುಂಬಿಕೊಂಡ ಹಲವರು ನೀರು ನುಗ್ಗಿದಾಗ ಛಾವಣಿಗೆ ಒತ್ತಿಕೊಂಡು, ಬಾಗಿಲವರೆಗೆ ಬರಲಾರದೆ ಹೋದರು. "ತೊಡುವುದು ಒಳಗೆ, ಊದುವುದು ಹೊರಗೆ. ಹನ್ನೊಂದು ಮಂದಿಗೂ ಬಾಯಿಪಾಠ ಮಾಡಿಸು" ಎಂದರು ಮಾವ.

ಇನ್ನು ತೂಕದ ಪ್ರಕರಣ. ಮನೆಮನೆಯ ತೂಕದ ಯಂತ್ರಗಳು ಒಂದೊಂದು ಒಂದೊಂದು ಮಾತಾಡಿದವು. ಎಲ್ಲರೂ ಕಡಿಮೆ ತೋರಿಸುವ ಯಂತ್ರವನ್ನೇ ಪ್ರಾಮಾಣಿಕವೆಂದರು. ಬೇಸತ್ತ ನಮ್ಮ ಭೌತಶಾಸ್ತ್ರದ ಮಿತ್ರರು ಬಂದರಿನ ಅಕ್ಕಿ ವ್ಯಾಪಾರಿಯೊಬ್ಬರನ್ನು ಒಪ್ಪಿಸಿ, ಒಂದು ಭಾನುವಾರ ಪೆಟ್ಟಿಗೆಗಳ ಸಮೇತ ಎಲ್ಲರನ್ನೂ ಅಲ್ಲಿಗೆ ಹೊರಡಿಸಿದರು. ಆ ದಿನ ನಮ್ಮ ಮನೆಯಲ್ಲಿದ್ದ ಅಜ್ಜಿ, ಅಂದರೆ ನನ್ನ ತಾಯಿಯ ತಾಯಿ, "ನಾನೂ ಬರುತ್ತೇನೆ ಮಾರಾಯ, ಬಂದರು ನೋಡದೆ ಎಷ್ಟು ವರ್ಷವಾಯಿತೋ" ಎಂದು ಸೀರೆ ಬದಲಾಯಿಸಿ ಕಾರಿನಲ್ಲಿ ಕೂತುಬಿಟ್ಟರು. ಅವರಿಗೆ ಎಂಬತ್ತೈದು.

ಮೂಟೆ ತೂಗುವ ಯಂತ್ರದ ಮೇಲೆ ಪ್ರಾಧ್ಯಾಪಕರುಗಳು ಒಬ್ಬೊಬ್ಬರಾಗಿ ನಿಂತರು. ವಾಣಿಜ್ಯಶಾಸ್ತ್ರದ ಮಿತ್ರರು ಉಸಿರು ಹಿಡಿದು ನಿಂತರೂ ಮುಳ್ಳು ಮೋಸಹೋಗಲಿಲ್ಲ. ಹಮಾಲರು ನಕ್ಕರು, ನಾವೂ ನಕ್ಕೆವು. ಆಗ ಅಜ್ಜಿ, ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ದಕ್ಕೆಯ ಕಡೆ ನೋಡುತ್ತಿದ್ದವರು, "ನನ್ನ ಅಪ್ಪ ಇಲ್ಲೇ ಅಲ್ಲವೋ ಗುಮಾಸ್ತರಾಗಿದ್ದದ್ದು" ಎಂದರು.

ನನಗೆ ತಿಳಿದಿತ್ತು, ಆದರೆ ಕೇಳಿರಲಿಲ್ಲ. ಅಜ್ಜಿ ಹತ್ತು ಹನ್ನೆರಡು ವರ್ಷದವರಿದ್ದಾಗ ಅಮೀನಿ ದ್ವೀಪದ ಹಾಯಿದೋಣಿಗಳು ತೆಂಗಿನ ಹುರಿ, ಕೊಬ್ಬರಿ ಹೊತ್ತು ಇದೇ ದಕ್ಕೆಗೆ ಬರುತ್ತಿದ್ದವು. ಮಳೆ ಹಿಡಿಯುವ ಮುನ್ನ ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಅಕ್ಕಿ ತೂಗಿ ಬರೆದುಕೊಳ್ಳುವುದು ಮುತ್ತಜ್ಜನ ಕೆಲಸ. ದೋಣಿಯವನೊಬ್ಬ ಪ್ರತಿ ವರ್ಷವೂ ಗುಮಾಸ್ತರ ಮಗಳಿಗೆಂದು ತೆಂಗಿನ ಬೆಲ್ಲದ ಒಂದು ಪುಟ್ಟ ಮಡಕೆ ತರುತ್ತಿದ್ದನಂತೆ. ಒಂದು ವರ್ಷ ಹೋದವನು ಮುಂದಿನ ವರ್ಷ ಬರಲಿಲ್ಲ. "ಅವನ ದೋಣಿ ಊರು ಸೇರಿತೋ ಇಲ್ಲವೋ, ಕೇಳಿದರೆ ಅಪ್ಪ ಏನೂ ಹೇಳುತ್ತಿರಲಿಲ್ಲ. ಅಷ್ಟು ಅಕ್ಕಿ ತೂಗಿ ಕೊಟ್ಟದ್ದು ಅವರೇ ಅಲ್ಲವೇ" ಎಂದರು ಅಜ್ಜಿ.

ಅಮೀನಿಗೂ ಮಂಗಳೂರಿಗೂ ನಂಟು ಹಳೆಯದು. 1783ರಲ್ಲಿ ಅಲ್ಲಿಯ ಕೆಲವರು ಮಂಗಳೂರಿಗೆ ಬಂದು, ತಮ್ಮ ದ್ವೀಪಗಳ ಆಡಳಿತವನ್ನು ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನನ್ನು ಬೇಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿಯ ಕೈಸೇರಿದವು. ಆಡಳಿತ ಮಂಗಳೂರಿನಿಂದಲೇ ನಡೆಯಿತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಜ್ಜಿಯ ಬಾಲ್ಯದಲ್ಲಿ, ಆ ದೋಣಿಯವನು ಪರದೇಶದವನಲ್ಲ; ಜಿಲ್ಲೆಯವನೇ.

ಹೊರಡುವ ಹೊತ್ತಿಗೆ ಅಜ್ಜಿ ತಾವೇ ಎದ್ದು ಯಂತ್ರದ ಮೇಲೆ ನಿಂತರು. ನಲವತ್ತೊಂದು ಕಿಲೋ. "ನನ್ನನ್ನು ಹೊತ್ತರೆ ನಿಮ್ಮ ವಿಮಾನಕ್ಕೇನೂ ಭಾರವಾಗಲಿಕ್ಕಿಲ್ಲ" ಎಂದರು. ಯಾರೂ ನಗಲಿಲ್ಲ, ಅದು ತಮಾಷೆಯಲ್ಲವೆಂದು ಎಲ್ಲರಿಗೂ ತಿಳಿಯಿತು.

ವಿಮಾನ ಹೋಗುವುದು ಅಗತ್ತಿಗೆ, ಅಮೀನಿ ಅಲ್ಲಿಂದ ಇನ್ನೂ ಅರವತ್ತು ಎಪ್ಪತ್ತು ಕಿಲೋಮೀಟರು ಕಡಲಾಚೆ ಎಂದು ವಿವರಿಸಿದೆ. "ಕಡಲು ಅದೇ ಅಲ್ಲವೋ?" ಎಂಬ ಪ್ರಶ್ನೆಗೆ ನನ್ನ ಎಂ. ಎ. ಪದವಿಯಲ್ಲಿ ಉತ್ತರವಿರಲಿಲ್ಲ.

ಅಂದು ಸಂಜೆ ಮಾವನಿಗೆ ಹೇಳಿದಾಗ, ಅದುವರೆಗೆ ಲೆಕ್ಕವನ್ನಲ್ಲದೆ ಬೇರೇನೂ ಆಡದಿದ್ದವರು ಲೆಕ್ಕವನ್ನೇ ಮರೆತರು. "ಸಾಧ್ಯವೇ ಇಲ್ಲ" ಎಂದುಬಿಟ್ಟರು. ಕಾಲೇಜಿನಲ್ಲೂ ಗುಸುಗುಸು ಎದ್ದಿತು. ವಾಣಿಜ್ಯಶಾಸ್ತ್ರದವರು ನೇರ ಮನುಷ್ಯರು, ನನ್ನನ್ನು ಕರೆದು, "ತಪ್ಪು ತಿಳಿಯಬೇಡಿ. ಅಲ್ಲಿ ಅವರಿಗೆ ಏನಾದರೂ ಆದರೆ ಹನ್ನೊಂದು ಮಂದಿಯ ಪ್ರವಾಸವೂ ಅಲ್ಲಿಗೇ ನಿಲ್ಲುತ್ತದೆ. ನಾನು ಮೂರು ವರ್ಷದಿಂದ ಹಣ ಕೂಡಿಟ್ಟಿದ್ದೇನೆ" ಎಂದರು. ಅವರ ಮೇಲೆ ನನಗೆ ಕೋಪ ಬಂತು. ಆದರೆ ಅವರು ಹೇಳಿದ್ದು ಸುಳ್ಳಲ್ಲವೆಂಬುದೇ ಆ ಕೋಪಕ್ಕೆ ಕಾರಣವೆಂದು ರಾತ್ರಿ ಹೊರಳಾಡುವಾಗ ಹೊಳೆಯಿತು.

ವೈದ್ಯರು ಪರೀಕ್ಷಿಸಿ, ಹಾರಾಟದಿಂದ ಭಯವಿಲ್ಲ, ಒಳಗೆ ಗಾಳಿಯ ಒತ್ತಡ ಕಾಪಾಡುವ ವಿಮಾನವದು ಎಂದರು. "ಒಂದೂವರೆ ಗಂಟೆಯ ಚಿಂತೆ ಬಿಡಿ; ಅಲ್ಲಿಯ ಮೂರು ದಿನಗಳ ಯೋಚನೆ ಮಾಡಿ" ಎಂದು ಸೇರಿಸಿದರು. ಅಗತ್ತಿಯಲ್ಲಿ ಆಸ್ಪತ್ರೆಯಿದೆ. ಅದರ ಕೈಮೀರಿದ ರೋಗಿಗಳನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವ ಏರ್ಪಾಟೂ ಇದೆ. ಆದರೆ ಏರ್ಪಾಟು ಇರುವುದು ಬೇರೆ, ನಮ್ಮವರಿಗೆ ಅದು ಬೇಕಾಗುವುದು ಬೇರೆ.

ದಾರಿ ತೋರಿಸಿದವರು ಅಜ್ಜಿಯೇ. ಮಗನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: "ನೀನು ಇವನಿಗೆ ಗೆರೆ ಎಳೆದು ಕೊಟ್ಟೆಯಂತೆ. ನನಗೂ ಒಂದು ಎಳೆದು ಕೊಡು ಮಗಾ. ಎಲ್ಲಿಯವರೆಗೆ ತಿರುಗಬೇಕು, ಎಲ್ಲಿಂದ ಮುಂದೆ ಹೋಗಬೇಕು ಅಂತ. ನನ್ನ ದೆಸೆಯಿಂದ ಯಾರೂ ಅಲ್ಲಿ ಹೋಗಿ ಹೆದರಬಾರದು."

ಮಾವ ಬಹಳ ಹೊತ್ತು ಸುಮ್ಮನಿದ್ದರು. ಅಮೇಲೆ ಕನ್ನಡಕ ಒರೆಸಿಕೊಂಡು ಕಾಗದ ತೆಗೆದರು. ಬರೆದದ್ದು ಇಷ್ಟು: ರೈಲಿನಲ್ಲಿ ಆಲುವಾ ತಲುಪುವ ಹೊತ್ತಿಗೆ ಅಜ್ಜಿಗೆ ಆಯಾಸವೆನಿಸಿದರೆ, ನಾನು ಅವರೊಡನೆ ಅಲ್ಲಿಂದಲೇ ಹಿಂದಿರುಗುವುದು, ಉಳಿದವರು ಮುಂದೆ ಹೋಗುವುದು. ದ್ವೀಪದಲ್ಲಿ ಏನಾದರೂ ಆದರೆ ನಾನು ಅಜ್ಜಿಯೊಡನೆ ಉಳಿಯುವುದು. ನನ್ನ ಹೆಂಡತಿ, ಮಕ್ಕಳು, ಮಿತ್ರರು ನಿಗದಿಯಾದ ವಿಮಾನದಲ್ಲಿ ಮರಳುವುದು. ಯಾರೂ ದಾಕ್ಷಿಣ್ಯಕ್ಕೆ ಉಳಿಯಕೂಡದು, ಯಾರೂ ಹೊರಟವರನ್ನು ದೂರಕೂಡದು. ಕೆಳಗೆ ಅಜ್ಜಿ ತಮ್ಮ ಮೋಡಿ ಅಕ್ಷರದಂಥ ಸಹಿ ಹಾಕಿದರು.

ಅಧ್ಯಾಪಕರ ಕೊಠಡಿಯಲ್ಲಿ ಆ ಕಾಗದವನ್ನು ಓದಿದೆ. ವಾಣಿಜ್ಯಶಾಸ್ತ್ರದವರು ಅದನ್ನು ಎರಡು ಸಲ ಓದಿ, ಲೇಖನಿ ತೆಗೆದು, ಎರಡನೆಯ ನಿಬಂಧನೆಯಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರನ್ನು ಸೇರಿಸಿದರು. "ದಾಕ್ಷಿಣ್ಯವಲ್ಲ. ಅಲ್ಲಿ ಓಡಾಡಲು ನಿಮಗೊಬ್ಬರು ಬೇಕಾಗುತ್ತದೆ" ಎಂದಷ್ಟೇ ಹೇಳಿದರು.

ಯೋಜನೆ ಎಂದರೆ ಬರಲಿರುವ ಸುಖದ ಪಟ್ಟಿ ಎಂದು ತಿಳಿದಿದ್ದೆ. ಪ್ರೀತಿಸುವವರಿಗೆ ಏನೇನು ಕೇಡು ಬಂದೀತೆಂದು ಅವರ ಎದುರಿನಲ್ಲೇ ಕೂತು ಎಣಿಸುವುದೂ ಯೋಜನೆಯೇ. ನಾವು ಅದನ್ನು ಅಪಶಕುನವೆಂದು ದೂರವಿಡುತ್ತೇವೆ. ಎಣಿಸಿದ ಮೇಲೆ ಭಯ ಹೋಯಿತೆಂದು ಹೇಳಲಾರೆ; ಆದರೆ ಅದು ಒಬ್ಬೊಬ್ಬರೂ ಗುಟ್ಟಾಗಿ ಹೊರುವ ಭಾರವಾಗಿ ಉಳಿಯಲಿಲ್ಲ, ಹನ್ನೆರಡು ಮಂದಿಗೆ ಹಂಚಿಹೋಯಿತು.

ಅನುಮತಿಪತ್ರಗಳು ಬಂದಿವೆ. ಅಜ್ಜಿ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳೊಡನೆ "ತೊಡುವುದು ಒಳಗೆ, ಊದುವುದು ಹೊರಗೆ" ಎಂದು ಮಗ್ಗಿಯಂತೆ ಹೇಳುತ್ತಾರೆ. ಮೊನ್ನೆ ಸಾಮಾನುಗಳನ್ನು ಕೊನೆಯ ಬಾರಿ ತೂಗಿದಾಗ ಅವರ ಚೀಲ ಎಣಿಸಿದ್ದಕ್ಕಿಂತ ಎರಡು ಕಿಲೋ ಹೆಚ್ಚಿತ್ತು. ಬಿಚ್ಚಿ ನೋಡಿದರೆ, ಹಳೆಯ ಪಂಚೆಯಲ್ಲಿ ಗಂಟು ಕಟ್ಟಿದ ಕುಚ್ಚಲಕ್ಕಿ.

"ಅಲ್ಲಿ ಅಕ್ಕಿ ಸಿಗುತ್ತದೆ ಅಜ್ಜಿ" ಎಂದೆ.

"ಉಣ್ಣಲಿಕ್ಕಲ್ಲ ಮಾರಾಯ. ಅಷ್ಟು ವರ್ಷ ಅವನು ಬೆಲ್ಲ ತಂದಿದ್ದಾನೆ. ಅವನ ಕಡೆಯವರು ಯಾರಾದರೂ ಒಬ್ಬರಿಗೆ ಕೊಟ್ಟರಾಯಿತು."

ನನ್ನ ಪೆಟ್ಟಿಗೆಯಿಂದ ಎರಡು ದಪ್ಪ ಪುಸ್ತಕಗಳನ್ನು ತೆಗೆದಿಟ್ಟೆ. ಲೆಕ್ಕ ಸರಿಹೋಯಿತು.