ಕೋಲಾರದ ಬಸ್ಸು ಹತ್ತುವ ಮುನ್ನ

ಶನಿವಾರ ಸಂಜೆ ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಬೆನ್ನಿಗೆ ಚೀಲ ಏರಿಸಿ, ಹಣೆಗೆ ದೀಪ ಕಟ್ಟಿಕೊಂಡು ನಿಂತ ಹುಡುಗ ಹುಡುಗಿಯರನ್ನು ಕಂಡರೆ ಅಂತರಗಂಗೆಯ ಗವಿಗಳಿಗೆ ಹೊರಟವರು ಎಂದುಕೊಳ್ಳಬಹುದು. ಇನ್ನೂ ಹೊಸಕೋಟೆ ದಾಟಿಲ್ಲ, ಆಗಲೇ ಒಬ್ಬನ ಹಣೆದೀಪ ಉರಿಯುತ್ತಿರುತ್ತದೆ. ‘ಆರಿಸಪ್ಪಾ, ಸೆಲ್ಲು ಉಳಿಸ್ಕೋ’ ಎಂದು ಬಾಯಿಗೆ ಬರುತ್ತದೆ. ನನ್ನ ಸಲಹೆ ಕೇಳುವುದನ್ನು ಮನೆಯವರು ಎಂದೋ ಬಿಟ್ಟಿರುವುದರಿಂದ, ಇಂಥವರ ಮೇಲೆ ನನ್ನ ಕಣ್ಣು.

ಟಿನ್ ಫ್ಯಾಕ್ಟರಿಯಲ್ಲಿ ಸರಿಯಾದ ಬಸ್ಸು ಹಿಡಿದವರು ಅರ್ಧ ಪರೀಕ್ಷೆ ಪಾಸಾದಂತೆ. ರಿಂಗ್ ರೋಡು ಬಂದು ಹಳೇ ಮದರಾಸು ರಸ್ತೆಗೆ ಸೇರುವ ಜಾಗ ಅದು. ಅತ್ತ ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜು, ತಲೆಯ ಮೇಲೆ 2023ರ ಅಕ್ಟೋಬರಿನಿಂದ ಓಡುತ್ತಿರುವ ಮೆಟ್ರೋ, ಕೆಳಗೆ ಚಿಂತಾಮಣಿ, ಮುಳಬಾಗಿಲು, ತಿರುಪತಿ ಎಂದು ಕೂಗುವ ದನಿಗಳು. ‘ಕೋಲಾರ, ಕೋಲಾರ! ಹೊಸಕೋಟೆಯೋರು ಹತ್ಬೇಡಿ!’ ಎಂದು ಕಂಡಕ್ಟರು ಬಾಗಿಲಲ್ಲೇ ತಡೆದರೆ ಅದೇ ನಿಮ್ಮ ಬಸ್ಸು.

ಕೋಲಾರ ಊರಿನ ಅಂಚಿನಲ್ಲೇ ಶತಶೃಂಗ ಬೆಟ್ಟ. ಮೆಟ್ಟಿಲು ಹತ್ತಿದರೆ ಅಂತರಗಂಗೆ: ಕಾಶಿ ವಿಶ್ವೇಶ್ವರನ ಗುಡಿ, ಬಸವಣ್ಣನ ಬಾಯಿಂದ ಕಲ್ಯಾಣಿಗೆ ಬೀಳುವ ನೀರು, ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುವ ಕೋತಿಗಳು. ಗವಿಗಳಿರುವುದು ಅದರ ಮೇಲೆ. ಇವು ಸುಣ್ಣಕಲ್ಲು ಕರಗಿ ಆದ ಗವಿಗಳಲ್ಲ, ಬಂಡೆಯ ಮೇಲೆ ಬಂಡೆ ಒರಗಿದಾಗ ನಡುವೆ ಉಳಿದ ಸಂದುಗಳು. ಹಾಗಾಗಿ ಇಂಥದ್ದೇ ದಾರಿ ಎಂಬುದಿಲ್ಲ. ಒಂದು ಸಂದಿನಲ್ಲಿ ನುಸುಳಿದರೆ ಮುಂದೆ ಮೂರು ಕಿಂಡಿ, ಮೂರೂ ನೋಡಲು ಒಂದೇ ತರಹ.

ಇಲ್ಲಿ ದಾರಿ ತಪ್ಪುವುದು ಹೋಗುವಾಗಲ್ಲ, ಬರುವಾಗ. ಹೋಗುವಾಗ ಎಡಕ್ಕಿದ್ದ ಬಂಡೆ ಬರುವಾಗ ಬಲಕ್ಕಿರುತ್ತದೆ, ಅದರ ಬೆನ್ನನ್ನು ನೀವು ನೋಡಿಯೇ ಇರುವುದಿಲ್ಲ. ಅದಕ್ಕೇ ಪ್ರತಿ ಕವಲಿನಲ್ಲೂ ನಿಂತು, ತಿರುಗಿ, ಬಂದ ದಾರಿ ಹೇಗೆ ಕಾಣುತ್ತದೆಂದು ನೋಡಿಕೊಳ್ಳಬೇಕು. ಇಪ್ಪತ್ತರ ವಯಸ್ಸಿನವರಿಗೆ ಹಿಂದೆ ನೋಡು ಎಂದರೆ ರುಚಿಸುವುದಿಲ್ಲ. ನನ್ನ ವಯಸ್ಸಿನವರಿಗೆ ಬೇರೆ ಕೆಲಸವೇ ಇರುವುದಿಲ್ಲ.

ದಾರ ಕಟ್ಟಿಕೊಂಡು ಹೋಗುತ್ತೇವೆ ಎನ್ನುವವರಿದ್ದಾರೆ. ಬಂಡೆಯ ಅಂಚಿಗೆ ಉಜ್ಜಿ ಅದು ತುಂಡಾಗುತ್ತದೆ, ಇಲ್ಲವೇ ಹಿಂದೆ ಬರುವವನ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಾಣದ ಗುರುತು ಬರೆಯುವುದಂತೂ ಬೇಡವೇ ಬೇಡ. ನಮ್ಮ ನಾಡಿನ ಬಂಡೆಗಳ ಮೇಲೆ ಆಗಲೇ ಬೇಕಾದಷ್ಟು ಬಾಣಗಳಿವೆ, ಅದರಲ್ಲಿ ಅರ್ಧ ಹೃದಯ ಚುಚ್ಚಿಕೊಂಡಿವೆ. ಅವನ್ನು ನಂಬಿ ನಡೆದವರು ಎಲ್ಲಿಗೆ ತಲುಪಿದರೋ ಆ ಜೋಡಿಗಳನ್ನೇ ಕೇಳಬೇಕು.

ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆ ನೆನಪಿರಬಹುದು. 2018ರ ಜೂನ್ 23ರಂದು ಒಳಹೊಕ್ಕ ಹನ್ನೆರಡು ಹುಡುಗರು ಮತ್ತು ಅವರ ಫುಟ್‌ಬಾಲ್ ಕೋಚು ಮಳೆನೀರಿಗೆ ಸಿಕ್ಕಿಕೊಂಡರು. ಪತ್ತೆಯಾದದ್ದು ಜುಲೈ 2ಕ್ಕೆ, ಕೊನೆಯವರು ಹೊರಬಂದದ್ದು 10ಕ್ಕೆ. ಅವರು ಒಳಗಿದ್ದಾರೆಂದು ಸುಳಿವು ಕೊಟ್ಟದ್ದು ಬಾಗಿಲಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳು. ನೀವೋ ಬಸ್ಸಿನಲ್ಲಿ ಹೋಗುವವರು. ಬಸ್ಸು ನಿಮ್ಮನ್ನು ಇಳಿಸಿ ತನ್ನ ಪಾಡಿಗೆ ಮುಳಬಾಗಿಲಿಗೆ ಹೋಗಿಬಿಡುತ್ತದೆ. ಆದ್ದರಿಂದ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇವೆ ಎಂದು ಮನೆಯಲ್ಲಿ ಒಬ್ಬರಿಗಾದರೂ ನಿಜ ಹೇಳಿ. ‘ಫ್ರೆಂಡ್ ಮನೇಲಿ ಕಂಬೈನ್ಡ್ ಸ್ಟಡಿ’ ಎಂದು ಹೇಳಿ ಹೋದವರನ್ನು ಯಾವ ಗವಿಯಲ್ಲಿ ಹುಡುಕುವುದು? ದಾರಿ ತಪ್ಪಿತು ಎನಿಸಿದರೆ ಅಲ್ಲೇ ಕೂತು ಸೀಟಿ ಊದಿ. ಒಂದು ದೀಪ ಉಳಿಸಿಕೊಂಡು ಮಿಕ್ಕವನ್ನು ಆರಿಸಿ.

ನಾವು ಹೋಗುತ್ತಿದ್ದಾಗ ಇಡೀ ಗುಂಪಿಗೆ ಒಂದೇ ಎವರೆಡಿ ಟಾರ್ಚು, ಅದೂ ಮುಂದಿನವನ ಕೈಯಲ್ಲಿ. ಹಿಂದಿನವನಿಗೆ ಕಾಣುತ್ತಿದ್ದದ್ದು ಮುಂದಿನವನ ಅಂಗಿ ಮಾತ್ರ. ಈಗ ತಲೆಗೆ ಮೂರು ದೀಪವಿರಬೇಕು ಎನ್ನುತ್ತಾರೆ, ಸರಿಯೇ. ಮೊಬೈಲು ದೀಪವಲ್ಲ, ಬಂಡೆ ಹಿಡಿಯಲು ಎರಡೂ ಕೈ ಬೇಕು. ನಮ್ಮಲ್ಲಿ ಸಣಕಲನೊಬ್ಬನಿದ್ದ. ಸಂದು ಬಂದರೆ ಮೊದಲು ಅವನನ್ನೇ ತೂರಿಸುವುದು. ಆ ಕಡೆಯಿಂದ ‘ಬರ್ರೋ, ದಾರಿ ಐತೆ’ ಎನ್ನುತ್ತಿದ್ದ. ಅವನಿಗೆ ಇದ್ದ ದಾರಿ ನಮಗೂ ಇರಬೇಕೆಂದೇನೂ ಇಲ್ಲ! ಇಳಿಜಾರಿನ ಸಂದಿಗೆ ತಲೆ ಮುಂದಾಗಿ ಹೋಗಬಾರದು, ಕಾಲು ಮುಂದಿರಬೇಕು. ಮತ್ತೆ ಹತ್ತಲಾಗದ ಕಡೆ ಜಾರಿ ಇಳಿಯಲೇಬಾರದು. ಆ ಸಣಕಲ ಈಗ ವೈಟ್‌ಫೀಲ್ಡಿನಲ್ಲಿದ್ದಾನೆ. ಟಿನ್ ಫ್ಯಾಕ್ಟರಿಯಿಂದ ಮೆಟ್ರೋ ಇದೆ, ಆದರೂ ಇಬ್ಬರೂ ‘ಸಿಗೋಣ’ ಎಂದು ಮೆಸೇಜು ಕಳಿಸುತ್ತಲೇ ಇದ್ದೇವೆ. ಫೋಟೋದಲ್ಲಿ ಕಂಡ ಮಟ್ಟಿಗೆ ಈಗ ಅವನನ್ನು ಯಾವ ಸಂದಿಗೂ ಮೊದಲು ಬಿಡುವಂತಿಲ್ಲ.

ನಮ್ಮಂಥವರಿಗೆ ಆಂಧ್ರದ ಬೇಲಂ ಗುಹೆಯಿದೆ: 3,229 ಮೀಟರ್ ಉದ್ದದಲ್ಲಿ ಸುಮಾರು ಒಂದೂವರೆ ಕಿಲೋಮೀಟರಿಗೆ ದೀಪ ಹಾಕಿ ದಾರಿ ಮಾಡಿದ್ದಾರೆ, ಟಿಕೆಟ್ಟೂ ಉಂಟು. ಅಂತರಗಂಗೆಗೆ ನೀವು ಹೋಗಿ. ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಂಡು, ಮಳೆಯಿಲ್ಲದ ದಿನ, ಹಗಲಲ್ಲಿ, ಕೊನೇಪಕ್ಷ ನಾಲ್ಕು ಜನ ಸೇರಿ, ತೆಳ್ಳಗಿರುವಾಗಲೇ ಹೋಗಿಬನ್ನಿ.