ಮುಳ್ಳು ಸುಳ್ಳು ಹೇಳಿರಲಿಲ್ಲ

ನಮ್ಮೂರು ಮಂಗಳೂರು ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಮೀನು, ಸಮುದ್ರ, ನೀರ್‌ದೋಸೆ ಅಂತ ಶುರು ಮಾಡ್ತಾರೆ. ನಮ್ಮದು ಆ ಮಂಗಳೂರಲ್ಲ. ಕೊಪ್ಪಳ ಜಿಲ್ಲೆಯ, ಯಲಬುರ್ಗಾ ಸೀಮೆಯ ಮಂಗಳೂರು. ಎರೆ ಹೊಲ, ಜೋಳ, ಕಡಲೆ, ಬೋರ್‌ವೆಲ್ಲಿನ ಗಡಸು ನೀರು ನಮ್ಮ ಕಡೆಯ ಆಸ್ತಿ. ನಮ್ಮಣ್ಣನಿಗೆ ಮಾತ್ರ ಎರಡೂ ಮಂಗಳೂರು ಗೊತ್ತು. ಗಂಗಾವತಿಯ ಮಿಲ್ಲಿನಿಂದ ಅಕ್ಕಿ ತುಂಬಿಕೊಂಡು ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದಿಂದ ಕರಾವಳಿ ರಸ್ತೆ ಹಿಡಿದು ಆ ಮಂಗಳೂರಿಗೆ ಹೋಗಿ ಬರ್ತಾನೆ. ಲಾರಿ ಅವನದೇ, ಆದರೆ ಸಾಲದ್ದು. ತಿಂಗಳು ತಿಂಗಳು ಕಂತು ಕಟ್ಟಬೇಕು.

ದಸರೆ ರಜೆಗೆ ಊರಿಗೆ ಹೋದಾಗ ಅಣ್ಣ ಕ್ಯಾಬಿನ್ನಿಗೆ ಕರೆದ.

“ಲೇ ತಮ್ಮಾ, ಈ ಹೀಟ್ ಮೀಟರಿನ ಮುಳ್ಳಿಗೆ ಹುಚ್ಚ ಹಿಡದೈತಿ ನೋಡು. ಒಮ್ಮೆ ಕೆಂಪಿಗೆ ಹಾರ್ತೈತಿ, ಒಮ್ಮೆ ಸತ್ತಂಗ ಬೀಳ್ತೈತಿ. ಮಿಸ್ತ್ರಿ ಅದನ್ನ ನೋಡಬ್ಯಾಡ ಅಂತಾನ. ನೀ ಕಂಪ್ಯೂಟರ್ ಓದಿದಾಂವ, ಒಂದು ಮುಳ್ಳು ರಿಪೇರಿ ಮಾಡಾಕ ಬರೂದಿಲ್ಲೇನು?”

ಇಂಥ ಮಾತಿಗೆ ಬಿಇ ಓದಿದವನು ಸುಮ್ಮನಿರೋದು ಹೇಗೆ? ಬ್ಯಾಗಿನಿಂದ ಮಲ್ಟಿಮೀಟರ್ ತೆಗೆದೆ.

ಮೊದಲು ಲೆಕ್ಕ ಹಾಕಿದೆ. ಎಂಜಿನ್, ರೇಡಿಯೇಟರ್ ಎರಡೂ ಸೇರಿ ಸುಮಾರು 25 ಲೀಟರ್ ನೀರು. ಒಂದು ಲೀಟರ್ ನೀರು ಒಂದು ಡಿಗ್ರಿ ಏರೋಕೆ ಹೆಚ್ಚುಕಡಿಮೆ 4.2 ಕಿಲೋಜೌಲ್ ಶಾಖ ಬೇಕು. ಮುಳ್ಳು ಒಂದೇ ಸೆಕೆಂಡಿನಲ್ಲಿ 30 ಡಿಗ್ರಿ ಹಾರಿದ್ದು ನಿಜವಾದರೆ, ಆ ಒಂದು ಸೆಕೆಂಡಿನಲ್ಲಿ ನೀರಿಗೆ 3,150 ಕಿಲೋಜೌಲ್ ಸೇರಿರಬೇಕು. ಅಂದರೆ 3,150 ಕಿಲೋವ್ಯಾಟ್. 180 ಹಾರ್ಸ್‌ಪವರ್ ಎಂಜಿನ್ ಕೊಡೋದೇ ಸುಮಾರು 134 ಕಿಲೋವ್ಯಾಟ್. ಇಷ್ಟು ನೀರು, ಅದರ ಸುತ್ತ ನೂರಾರು ಕಿಲೋ ಕಬ್ಬಿಣ ಕಣ್ಣು ಮಿಟುಕಿಸೋದರೊಳಗೆ ಬಿಸಿಯಾಗೋದೂ ಇಲ್ಲ, ತಣ್ಣಗಾಗೋದೂ ಇಲ್ಲ. ಬಿಸಿ ನಡೆದು ಬರುತ್ತೆ. ಹಾರಿ ಬರೋದು ಕರೆಂಟು ಮಾತ್ರ. ಹಾಗಾಗಿ ದೋಷ ವೈರಿಂಗಿನಲ್ಲಿದೆ ಅಂತ ತೀರ್ಮಾನಿಸಿದೆ.

ಸೆನ್ಸರಿನ ವೈರ್ ಬಿಚ್ಚಿದೆ, ಮುಳ್ಳು ತಣ್ಣಗಿನ ತುದಿಗೆ ಬಿತ್ತು. ಅದೇ ವೈರನ್ನು ಎಂಜಿನ್ ಕಬ್ಬಿಣಕ್ಕೆ ಕ್ಷಣಕಾಲ ಮುಟ್ಟಿಸಿದೆ, ಕೆಂಪಿಗೆ ಏರಿತು. ಮೀಟರ್ ಸರಿ ಇದೆ. ಸೆನ್ಸರಿನ ಓಮ್ ಅಳೆದೆ. ಎಂಜಿನ್ ಬಿಸಿಯಾದ ಹಾಗೆ ಓಮ್ ಇಳಿಯಬೇಕು, ಒಂದೇ ಸಮ ಇಳಿಯಿತು. ಸೆನ್ಸರೂ ಸರಿ. ಕೊನೆಗೆ ಅಣ್ಣನಿಗೆ ಹೆಡ್‌ಲೈಟ್ ಹಾಕು ಅಂದೆ. ಹಾಕಿದ, ಮುಳ್ಳು ಜಿಗಿಯಿತು. ಆರಿಸಿದ, ಇಳಿಯಿತು. ಸಿಕ್ಕಿಬಿತ್ತು! ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿಯ ಬೋಲ್ಟು ತುಕ್ಕು ಹಿಡಿದಿತ್ತು. ಉಜ್ಜಿ, ಗ್ರೀಸ್ ಹಚ್ಚಿ, ಬಿಗಿ ಮಾಡಿದೆ. ಮುಳ್ಳು ಸಾಧು ಹಸುವಿನ ಹಾಗೆ ನಿಂತಿತು.

“ಇನ್ನ ಮ್ಯಾಲೆ ಮುಳ್ಳನ್ನ ನಂಬಬಹುದು ಅಣ್ಣಾ,” ಅಂದೆ. ಈ ಮಾತನ್ನ ನೆನಪಿಟ್ಟುಕೊಳ್ಳಿ.

ಅವತ್ತೇ ಚಹಾ ಕುಡೀತಾ ಅಣ್ಣ ಇನ್ನೊಂದು ಮಾತು ಹೇಳಿದ್ದ. “ಈಗೀಗ ಎರಡು ದಿನಕ್ಕೊಮ್ಮೆ ಒಂದು ಬಾಟ್ಲಿ ನೀರ ಕುಡೀತೈತಿ ಗಾಡಿ.” ನಾನು ಹೂಂ ಅಂದಿದ್ದೆ. ತಪ್ಪು ಕಂಡುಹಿಡಿದ ಖುಷಿಯಲ್ಲಿದ್ದವನಿಗೆ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಡಿಸೆಂಬರಿನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಅಣ್ಣ ಕರಾವಳಿಯಿಂದ ಲೋಡ್ ಹಾಕಿಕೊಂಡು ಅರಬೈಲ್ ಘಟ್ಟ ಹತ್ತುತ್ತಿದ್ದನಂತೆ. ಮುಳ್ಳು ಮೆಲ್ಲಗೆ ಮೇಲೇರಿ, ಕೆಂಪು ಮುಟ್ಟುವ ಮೊದಲೇ ಕೆಳಗಿಳಿಯಿತಂತೆ. ಅಣ್ಣನಿಗೆ ಸಮಾಧಾನ ಆಗಿದೆ. ಸ್ವಲ್ಪ ಹೊತ್ತಿಗೆ ಕ್ಲೀನರ್ ಹುಡುಗ, “ಅಣ್ಣಾ, ಏನೋ ವಾಸನಿ ಬರಾಕತ್ತೈತಿ,” ಅಂದಿದ್ದಾನೆ. ಕಾಲಿನ ಕೆಳಗಿನ ತಗಡು ದಿನಕ್ಕಿಂತ ಹೆಚ್ಚು ಸುಡುತ್ತಿತ್ತು. ಎಳೆತವೂ ಕಡಿಮೆಯಾಗಿತ್ತು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ. ಮೊದಲಾಗಿದ್ದರೆ ಅಲ್ಲೇ ಬದಿಗೆ ಹಾಕಿ ಇಳಿದು ನೋಡುತ್ತಿದ್ದ. ಅವತ್ತು ಮುಳ್ಳು ನೋಡಿದ. ತಣ್ಣಗಿತ್ತು. ತಮ್ಮ ರಿಪೇರಿ ಮಾಡಿದ ಮುಳ್ಳು. ಇನ್ನೆರಡು ತಿರುವು ಹೋಗೋಣ ಅಂತ ಹೋದ. ಆಮೇಲೆ ಬಿಳಿ ಹಬೆ ಗಾಜು ಮುಚ್ಚಿತು.

ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಸೊಟ್ಟಗಾಗಿತ್ತು. ಗಾಡಿ ಎಳೆಸಿದ್ದು, ಹೆಡ್ ಸಪಾಟು ಮಾಡಿಸಿದ್ದು, ರೇಡಿಯೇಟರ್ ಕೆಲಸ ಎಲ್ಲ ಸೇರಿ ಎರಡು ಕಂತಿನ ದುಡ್ಡು ಹೋಯಿತು. ದುಡಿಯದ ದಿನಗಳ ಲೆಕ್ಕ ಬೇರೆ. ಅಣ್ಣ ಒಂದು ಬೈಗುಳ ಬೈಯಲಿಲ್ಲ. ಫೋನಿನಲ್ಲಿ ಅಂದದ್ದು ಇಷ್ಟೇ: “ಮುಳ್ಳು ಛಲೋ ಇತ್ತಲ್ಲೋ ತಮ್ಮಾ.”

ಮಾರನೇ ದಿನವೇ ಬಸ್ ಹತ್ತಿದೆ. ರೇಡಿಯೇಟರ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ನಮ್ಮ ಬಚ್ಚಲುಮನೆಯ ಹಂಡೆಯ ಒಳಗೆ ಹಿಡಿಯುವ ಬಿಳಿ ಹೆಪ್ಪು ಇದೆಯಲ್ಲ, ಅದೇ ಕೊಳವೆಗಳ ತುಂಬ ಕೂತಿತ್ತು. ನಮ್ಮ ಕಡೆಯ ನೀರು ಅಂದರೆ ಎಲ್ಲರೂ ಫ್ಲೋರೈಡ್ ಅಂತಾರೆ. ಅದು ಹಲ್ಲು, ಎಲುಬಿನ ಕತೆ. ಈ ಹೆಪ್ಪು ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದು. ಬಾಟ್ಲಿ ಬಾಟ್ಲಿ ಬೋರಿನ ನೀರು ಹಾಕಿದಂತೆಲ್ಲ ಹೆಪ್ಪು ದಪ್ಪವಾಗುತ್ತೆ, ಬಿಸಿ ಹೊರಗೆ ಹೋಗೋ ದಾರಿ ಮುಚ್ಚುತ್ತೆ. ಹೊರಗಡೆ ಜಾಲರಿಯಲ್ಲಿ ಧೂಳು, ಹೊಟ್ಟು ಬೇರೆ ತುಂಬಿತ್ತು.

ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿತ್ತು. ಆ ಮುಚ್ಚಳ ಬರೀ ಮುಚ್ಚಳ ಅಲ್ಲ, ಪ್ರೆಶರ್ ಕುಕ್ಕರಿನ ಸೀಟಿ ಇದ್ದ ಹಾಗೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ಬಾರ್ ಹೆಚ್ಚಿದ್ದರೆ ನೀರು ಕುದಿಯೋದು ಸುಮಾರು 120 ಡಿಗ್ರಿಗೆ. ಮುಚ್ಚಳ ಒತ್ತಡ ಹಿಡಿಯದಿದ್ದರೆ 100ಕ್ಕೇ ಕುದಿದು ಹೊರಗೆ ಹೋಗುತ್ತೆ. ಮುಚ್ಚಳದ ಕೆಳಗೆ ನೀರು ಒಣಗಿದ ಬಿಳಿ ಗೆರೆಯೂ ಇತ್ತು. ದಸರೆಯಲ್ಲೂ ಇದ್ದಿರಬೇಕು, ನಾನು ನೋಡಿರಲಿಲ್ಲ. ಹಿಂದೊಮ್ಮೆ ಥರ್ಮೋಸ್ಟಾಟ್ ವಾಲ್ವನ್ನೂ ಯಾರೋ ಕಿತ್ತು ಹಾಕಿದ್ದರು, ಗಾಡಿ ತಂಪಿರಲಿ ಅಂತ. ಸಪಾಟು ರಸ್ತೆಯಲ್ಲಿ ತಂಪಾಗೇನೋ ಇತ್ತು. ಅದರಿಂದಲೇ ರೇಡಿಯೇಟರಿನ ರೋಗ ಘಟ್ಟ ಹತ್ತುವವರೆಗೆ ಬಚ್ಚಿಟ್ಟುಕೊಂಡಿತ್ತು.

ಹಾಗಾದರೆ ಎಂಜಿನ್ ಸುಡುವಾಗ ಮುಳ್ಳು ಇಳಿದದ್ದು ಯಾಕೆ? ಇದೇ ನನಗೆ ನಿದ್ದೆಗೆಡಿಸಿದ ಪ್ರಶ್ನೆ. ಸೆನ್ಸರ್ ಇರೋದು ಎಂಜಿನ್ನಿನ ಮೇಲ್ಭಾಗದಲ್ಲಿ, ನೀರಿನ ದಾರಿಯಲ್ಲಿ. ನೀರು ಕಡಿಮೆಯಾದಾಗ ಮೊದಲು ಬತ್ತೋದು ಮೇಲ್ಭಾಗವೇ. ಆಗ ಸೆನ್ಸರಿನ ಸುತ್ತ ನೀರಿಲ್ಲ, ಹಬೆ ಮತ್ತು ಗಾಳಿ ಇವೆ. ನೀರು ಕೊಟ್ಟಷ್ಟು ಚೆನ್ನಾಗಿ ಗಾಳಿ ಬಿಸಿ ಕೊಡೋದಿಲ್ಲ. ಮುಳ್ಳು ಇಳಿಯುತ್ತೆ. ಅದು ಸುಳ್ಳು ಹೇಳಲಿಲ್ಲ, ತಾನು ಕೂತ ಜಾಗದ ಬಿಸಿಯನ್ನ ಪ್ರಾಮಾಣಿಕವಾಗಿ ಹೇಳಿತು. ಅದನ್ನ ಇಡೀ ಎಂಜಿನ್ನಿನ ಬಿಸಿ ಅಂತ ಓದಿಕೊಂಡವರು ನಾವು. ಕಲಿಸಿದವನು ನಾನು.

ಈ ತಪ್ಪು ಮಾಡಿದವರಲ್ಲಿ ನಾನೇ ಮೊದಲಿಗನಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿದು ತಂಪು ಮಾಡುವ ನೀರು ಹೊರಗೆ ಹೋಗುತ್ತಿತ್ತು. ಕಂಟ್ರೋಲ್ ರೂಮಿನ ದೀಪ ಮಾತ್ರ ವಾಲ್ವ್ ಮುಚ್ಚಿದೆ ಅನ್ನುವಂತಿತ್ತು. ನಿಜಕ್ಕೆ ಆ ದೀಪ ಹೇಳುತ್ತಿದ್ದದ್ದು ಮುಚ್ಚು ಅನ್ನುವ ಆಜ್ಞೆ ಹೋಗಿದೆ ಅಂತ ಅಷ್ಟೇ. ಇನ್ನೊಂದು ಮೀಟರ್ ನೀರಿನ ಮಟ್ಟ ಮೇಲಿದೆ ಅಂತ ತೋರಿಸುತ್ತಿತ್ತು, ಅದು ಇನ್ನೊಂದು ಟ್ಯಾಂಕಿನ ಮಟ್ಟ. ನೀರು ಹೆಚ್ಚಾಯ್ತು ಅಂತ ತಿಳಿದು ಕೆಲಸಗಾರರು ತುರ್ತು ನೀರನ್ನ ಕಡಿಮೆ ಮಾಡಿದರು. ರಿಯಾಕ್ಟರಿನ ಒಡಲು ಅರ್ಧದಷ್ಟು ಕರಗಿತು. ಓದಿದವರು, ತರಬೇತಿ ಪಡೆದವರು. ನಮ್ಮಣ್ಣನ ಹಾಗೇ ಮುಳ್ಳು ನಂಬಿದವರು.

ಮಿಸ್ತ್ರಿಗೂ ನನಗೂ ಏನು ವ್ಯತ್ಯಾಸ ಅಂತ ಆಮೇಲೆ ಯೋಚಿಸಿದೆ. ಅವನು ಮುಳ್ಳನ್ನ ಪೂರ್ತಿ ನಂಬಬೇಡ ಅಂದ. ನಾನು ಪೂರ್ತಿ ನಂಬು ಅಂದೆ. ಇಬ್ಬರೂ, ನೀರು ಎಲ್ಲಿ ಹೋಗ್ತಿದೆ ಅಂತ ಕೇಳಲಿಲ್ಲ. ಮುಚ್ಚಿದ ವ್ಯವಸ್ಥೆ ನೀರು ಕುಡಿಯಬಾರದು, ಕುಡೀತಿದೆ ಅಂದರೆ ಎಲ್ಲೋ ತೂತಿದೆ. ಒಂದು ತಪ್ಪು ಸಿಕ್ಕಿದ ಕೂಡಲೇ ಹುಡುಕೋದು ನಿಲ್ಲಿಸೋದು ನಮ್ಮ ಜಾತಿಯವರ ರೋಗ, ಇಂಜಿನಿಯರ್ ಜಾತಿ ಅಂದೆ. ಆಫೀಸಿನಲ್ಲೂ ಅಷ್ಟೇ. ಪರದೆಯ ಮೇಲೆ ಎಲ್ಲ ಹಸಿರು, ಗ್ರಾಹಕ ಮಾತ್ರ ಫೋನಿನಲ್ಲಿ ಅಳ್ತಾ ಇರ್ತಾನೆ.

ಈಗ ಲಾರಿಗೆ ಹೊಸ ವಾಲ್ವ್, ಹೊಸ ಮುಚ್ಚಳ, ಬೋರಿನ ನೀರಿನ ಬದಲು ಕೂಲಂಟ್ ಬಂದಿದೆ. ನೀರಿನ ಮಟ್ಟ ಇಳಿದರೆ ಕೂಗುವ ಒಂದು ಬಜರ್ ಕೂಡಿಸಿ ಕೊಡ್ತೀನಿ ಅಂತ ಅಣ್ಣನಿಗೆ ಹೇಳಿದೆ. ಕೂಡಿಸು ಅಂದ. ಆದರೂ ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ಬೆರಳು ಅದ್ದಿ, ಮಟ್ಟ ನೋಡಿಯೇ ಗಾಡಿ ತೆಗೀತಾನೆ.

ಮೊನ್ನೆ ಊರಿಗೆ ಹೋದಾಗ ಕೇಳಿದೆ, “ಈಗ ಮುಳ್ಳು ಹೆಂಗೈತಿ ಅಣ್ಣಾ?”

“ಛಲೋ ಐತಿ,” ಅಂದ. ಸ್ವಲ್ಪ ತಡೆದು, “ಆದರ ವಾಸನಿ ಬಂದ್ರ ಇಳೀತೀನಿ,” ಅಂದ.