ಕಪ್ಪು ಬಂಪರಿನ ಬಿಳುಪು

ಕಾರಿನ ಮೈಮೇಲೆ ಬಣ್ಣ ಬಳಿಯದೆ ಬಿಟ್ಟ ಕಪ್ಪು ಭಾಗಗಳು, ಅಂದರೆ ಬಂಪರಿನ ಕೆಳ ಅಂಚು, ಬಾಗಿಲ ಮಗ್ಗುಲಿನ ಬೀಡಿಂಗು, ಚಕ್ರದ ಮೇಲಿನ ಕಮಾನು, ವೈಪರ್ ಬುಡದ ಜಾಲರಿ, ಇವೆಲ್ಲ ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಗ್ಯಾರೇಜುಗಳಲ್ಲಿ ಇದನ್ನು ಫೈಬರ್ ಎಂದುಬಿಡುತ್ತಾರೆ. ಬಂಪರು ಕಳಚಿ ಒಳಮೈ ನೋಡಿದರೆ ಅಚ್ಚಿನಲ್ಲೇ ಒತ್ತಿದ ಗುರುತು ಕಾಣುತ್ತದೆ. ‘ಪಿಪಿ’ ಎಂದರೆ ಪಾಲಿಪ್ರೊಪಿಲೀನ್, ‘ಇಪಿಡಿಎಂ’ ಎಂದರೆ ಏಟು ತಾಳಲೆಂದು ಬೆರೆಸಿದ ರಬ್ಬರು, ‘ಟಿ’ ಅಥವಾ ‘ಟಿಡಿ’ ಅಕ್ಷರದ ಮುಂದೆ 20 ಎಂದಿದ್ದರೆ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ. ಟಾಲ್ಕ್ ಎಂಬುದು ಬಳಪದ ಕಲ್ಲಿನ ಮುಖ್ಯ ಖನಿಜ. ಹೊಯ್ಸಳರು ಗುಡಿ ಕಟ್ಟಲು ಆರಿಸಿಕೊಂಡದ್ದೂ ಆ ಬಳಗದ ಕಲ್ಲನ್ನೇ. ಇವೆಲ್ಲದರ ಜೊತೆಗೆ ನೂರಕ್ಕೆ ಒಂದೆರಡು ಪಾಲು ಮಸಿ ಸೇರುತ್ತದೆ. ಕಪ್ಪು ಬರುವುದು ಅದರಿಂದ. ಹೀಗಾಗಿ ಈ ಕಪ್ಪು ಮೇಲೆ ಬಳಿದದ್ದಲ್ಲ, ಒಳಗಿನಿಂದ ಹೊರಗಿನವರೆಗೂ ಒಂದೇ.

ಪಾಲಿಪ್ರೊಪಿಲೀನಿಗೆ ವಯಸ್ಸು ಹೆಚ್ಚೇನೂ ಆಗಿಲ್ಲ. ಇಟಲಿಯ ಜೂಲಿಯೊ ನಾಟ್ಟಾ 1954ರಲ್ಲಿ ಅದನ್ನು ಬಳಕೆಗೆ ಒದಗುವ ಗಟ್ಟಿ ರೂಪದಲ್ಲಿ ತಯಾರಿಸಿದರು. 1963ರಲ್ಲಿ ಜರ್ಮನಿಯ ಕಾರ್ಲ್ ತ್ಸೀಗ್ಲರ್ ಜೊತೆಗೆ ಅವರಿಗೆ ನೊಬೆಲ್ ಬಂತು. ಆಗ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಓಡುತ್ತಿದ್ದ ಕಾರುಗಳಿಗೆ ಈ ಸುದ್ದಿಯ ಗೊಡವೆ ಇರಲಿಲ್ಲ. ಅಂಬಾಸಿಡರ್, ಫಿಯಟ್‌ಗಳ ಬಂಪರು ಉಕ್ಕಿನದು, ಅದರ ಮೇಲೆ ಕ್ರೋಮಿನ ಹೊಳಪು. ಕಪ್ಪು ಪ್ಲಾಸ್ಟಿಕ್ ಬಂಪರು ಮಧ್ಯಮ ವರ್ಗದ ಮನೆ ಮುಂದೆ ಬಂದು ನಿಂತದ್ದು ಮಾರುತಿ 800ರ ಕಾಲದಲ್ಲಿ. ಅದರ ಮೊದಲ ಕಾರಿನ ಕೀಲಿಕೈಯನ್ನು ಇಂದಿರಾ ಗಾಂಧಿಯವರು 1983ರ ಡಿಸೆಂಬರ್ 14ರಂದು ಕೊಟ್ಟರು. ಮುಂದೆ ದುಬಾರಿ ಮಾದರಿಗಳ ಬಂಪರಿಗೆ ಕಾರಿನದೇ ಬಣ್ಣ ಬಂತು, ಅಗ್ಗದ ಮಾದರಿಯ ಬಂಪರು ಕಪ್ಪಾಗಿಯೇ ಉಳಿಯಿತು. ನೆರೆಯವರು ಕಾರಿನ ಬೆಲೆಯನ್ನು ಬಂಪರು ನೋಡಿಯೇ ಅಂದಾಜು ಮಾಡುತ್ತಿದ್ದ ಕಾಲ ಅದು. ಆಮೇಲೆ 2012ರಲ್ಲಿ ಡಸ್ಟರ್, 2016ರಲ್ಲಿ ಬ್ರೆಝಾ ಬಂದವು. ಅದೇ ಕಪ್ಪು ಪ್ಲಾಸ್ಟಿಕ್ಕು ಕಾರಿನ ಸುತ್ತ ಅಗಲವಾದ ಪಟ್ಟಿಯಾಗಿ ಮೆರೆಯತೊಡಗಿತು. ಹಿಂದೆ ಕಾಸು ಉಳಿಸಲು ಬಿಟ್ಟ ಕಪ್ಪಿಗೆ ಈಗ ಜನ ಕಾಸು ಹೆಚ್ಚು ಕೊಡುತ್ತಾರೆ.

ಈ ಪ್ರಬಂಧಕಾರನ ಮನೆಯಲ್ಲಿ ಉಕ್ಕಿಗೂ ಪ್ಲಾಸ್ಟಿಕ್ಕಿಗೂ ನಡುವಿನ ವ್ಯತ್ಯಾಸ ಎರಡು ತಲೆಮಾರಿನ ವಾದವಾಗಿತ್ತು. ತಂದೆ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದವರು. 1941ರಲ್ಲಿ ಶುರುವಾಗಿ ಈಗ ಮುಚ್ಚಿರುವ ಆ ಕಾರ್ಖಾನೆಯ ಲೇತುಗಳು ದೇಶದ ವರ್ಕ್‌ಶಾಪುಗಳಲ್ಲಿ ಹೆಸರು ಮಾಡಿದ್ದವು. ಅಲ್ಲಿ ಕಲಿತವರ ಶಾಸ್ತ್ರ ಸರಳ: ತುಕ್ಕು ಕಂಡರೆ ಎಮರಿ ಕಾಗದದಲ್ಲಿ ಉಜ್ಜು, ಎಣ್ಣೆ ಬಟ್ಟೆಯಲ್ಲಿ ಒರೆಸು. ಉಕ್ಕಿಗೆ ಇದು ವೇದವಾಕ್ಯ. ಬಂಪರಿಗೆ ಮಾತ್ರ ಎರಡೂ ಕೆಡುಕು. ತೊಗಲಿನ ನಿರಿಗೆಯ ಹಾಗಿರುವ ಅದರ ಸಣ್ಣ ಒರಟು ಅಚ್ಚಿನಲ್ಲಿ ಒತ್ತಿ ಬಂದದ್ದು, ಮೇಲ್ಮೈಯಲ್ಲಷ್ಟೇ ಇರುವಂಥದು. ಎಮರಿ ಆಡಿಸಿದ ಜಾಗ ನುಣ್ಣಗಾಗಿ, ಸುತ್ತಲಿನ ಒರಟಿನ ನಡುವೆ ಕಲೆಯಾಗಿ ಉಳಿಯುತ್ತದೆ. ಹೋದ ಒರಟನ್ನು ಉಜ್ಜಿ ಮರಳಿ ತರಲಾಗದು.

ಮಾಸುವ ಬಗೆ ಹೀಗೆ. ಬಿಸಿಲಿನ ನೇರಳಾತೀತ ಕಿರಣ ಪಾಲಿಪ್ರೊಪಿಲೀನಿನ ಉದ್ದನೆಯ ಅಣುಸರಪಳಿಯನ್ನು ತುಂಡರಿಸುತ್ತದೆ, ತುಂಡಾದ ಕಡೆ ಆಮ್ಲಜನಕ ಸೇರುತ್ತದೆ. ಮಸಿಯೂ ಕಾರ್ಖಾನೆಯಲ್ಲಿ ಬೆರೆಸಿದ ರಕ್ಷಕ ರಾಸಾಯನಿಕಗಳೂ ಇದನ್ನು ವರ್ಷಗಟ್ಟಲೆ ತಡೆಯುತ್ತವೆ. ಆ ರಾಸಾಯನಿಕಗಳು ಕರಗಿದ ಮೇಲೆ ಮೇಲ್ಪದರ ಗಡುಸಾಗಿ, ಕೂದಲಿಗಿಂತ ಸಣ್ಣ ಬಿರುಕು ಬಿಡುತ್ತದೆ. ಒಳಗಿದ್ದ ಟಾಲ್ಕ್ ಬಯಲಾಗುತ್ತದೆ. ಬಿರುಕುಗಳಲ್ಲಿ ಬೆಳಕು ಚೆದುರಿ ಬಂಪರು ಬೂದಿಬಣ್ಣಕ್ಕೆ ತಿರುಗಿದಂತೆ ತೋರುತ್ತದೆ. ಮಸಿ ಎಲ್ಲೂ ಹೋಗಿರುವುದಿಲ್ಲ. ನೀರು ಸೋಕಿದೊಡನೆ ಬಿರುಕುಗಳು ತುಂಬಿ ಕಪ್ಪು ಮರಳುವುದು, ಒಣಗಿದೊಡನೆ ಮಾಯವಾಗುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಹಳೆ ಕಾರುಗಳೆಲ್ಲ ಹೊಸದಾಗಿ ಕಾಣುವುದರ ಗುಟ್ಟೂ ಇಷ್ಟೇ.

ದಾವಣಗೆರೆ ಇರುವುದು ಉತ್ತರ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಯ ಸುಮಾರಿಗೆ. ಅಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿಗೆ ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡ ಕಾಯುತ್ತದೆ, ಏಪ್ರಿಲಿನಲ್ಲಿ ಕಾಯುವವರಿಲ್ಲ. ದಾವಣಗೆರೆಯಲ್ಲಿ ಮನೆ, ಹರಿಹರದಲ್ಲಿ ನೌಕರಿ ಇರುವವರ ಕಾರಿಗೆ ಇನ್ನೊಂದು ವಿಚಿತ್ರವುಂಟು. ಹರಿಹರ ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆ ಹೋಗುವಾಗ ಸೂರ್ಯ ಬೆನ್ನಿಗೆ, ಸಂಜೆ ಮರಳುವಾಗಲೂ ಬೆನ್ನಿಗೆ. ಲೇಖಕನ ಕಾರಿನ ಹಿಂಬದಿ ಬಂಪರು ಮುಂದಿನದಕ್ಕಿಂತ ಬೇಗ ಬಿಳಿಚಿದ್ದು ಇದರಿಂದಲೇ ಎಂದು ಮನೆಯವರ ವಾದ. ವಾದ ಚೆನ್ನಾಗಿದೆ, ಆದರೆ ಓಡಾಟ ಅರ್ಧ ಗಂಟೆಯದು. ದಿನವಿಡೀ ಹಿಂಬದಿಯನ್ನು ಬಯಲಿಗೆ ಮಾಡಿ ಕಾರು ನಿಲ್ಲಿಸುವುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬಿಳುಪಿನಲ್ಲಿ ಬಗೆಗಳುಂಟು, ಕೆಲಸ ಶುರುವಾಗಬೇಕಾದ್ದು ಅದನ್ನು ಗುರುತಿಸುವುದರಿಂದ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟ ಕಾರಿನ ಮೇಲೆ ಸುಣ್ಣದ ಚುಕ್ಕೆ ಕೂರುತ್ತದೆ. ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆರಸ ಹಚ್ಚಿ ತೊಳೆದರೆ ಅದು ಬಿಡುತ್ತದೆ. ಮೈಗೆ ಹಚ್ಚಿದ ವ್ಯಾಕ್ಸ್ ಪಾಲಿಶ್ ಅಂಚು ಮೀರಿ ಪ್ಲಾಸ್ಟಿಕ್ಕಿನ ಒರಟಿನೊಳಗೆ ಕೂತರೆ ಬಿಳಿ ಗೆರೆಯಾಗಿ ಒಣಗುತ್ತದೆ. ಅದಕ್ಕೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಕಾಂಪೌಂಡು ಗೋಡೆಯೋ ಇನ್ನೊಂದು ಕಾರೋ ಸವರಿ ಹೋದಾಗ ಉಳಿಯುವುದು ಅವುಗಳ ಬಣ್ಣ. ಪಾಲಿಪ್ರೊಪಿಲೀನಿಗೆ ಯಾವ ಬಣ್ಣವೂ ಸುಲಭದಲ್ಲಿ ಅಂಟುವುದಿಲ್ಲವಾದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಬಹುಪಾಲು ಬರುತ್ತದೆ. ಥಿನ್ನರ್ ಇನ್ನೂ ಬೇಗ ತೆಗೆಯುತ್ತದೆ, ಪಕ್ಕದ ಪೇಂಟನ್ನೂ ತೆಗೆಯುತ್ತದೆ. ಇವು ಮೂರೂ ಅಲ್ಲದೆ, ಒದ್ದೆ ಮಾಡಿದಾಗ ಕಪ್ಪಾಗಿ ಒಣಗಿದಾಗ ಬೂದಿಯಾಗುವ ಬಿಳುಪೇ ಬಿಸಿಲಿನದು.

ಅದಕ್ಕೆ ಊರಲ್ಲಿ ನಡೆಯುವ ಮದ್ದು ಎಣ್ಣೆ. ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಡೀಸೆಲ್ ಒರೆಸುವುದುಂಟು, ಮನೆಗಳಲ್ಲಿ ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ. ನೀರು ಮಾಡಿದ ಕೆಲಸವನ್ನೇ ಎಣ್ಣೆಯೂ ಮಾಡುತ್ತದೆ, ಒಣಗುವುದು ತಡ ಅಷ್ಟೇ. ಅಷ್ಟರಲ್ಲಿ ಮೆಕ್ಕೆಜೋಳದ ಲಾರಿಗಳ ಹಿಂದೆ ಹೆದ್ದಾರಿಯ ಧೂಳು ಹಿಡಿದು ಬಂಪರು ಚಕ್ಕುಲಿ ಹಿಟ್ಟಿನಲ್ಲಿ ಹೊರಳಿದಂತಾಗುತ್ತದೆ. ಡೀಸೆಲಿನ ಕೇಡು ಇನ್ನೂ ದೊಡ್ಡದು. ಇಪಿಡಿಎಂ ರಬ್ಬರಿಗೂ ಪೆಟ್ರೋಲಿಯಂ ಎಣ್ಣೆಗೂ ಆಗಿಬರುವುದಿಲ್ಲ, ರಬ್ಬರು ಅದನ್ನು ಹೀರಿ ಉಬ್ಬುತ್ತದೆ. ಸಿಲಿಕೋನ್ ಇರುವ ಡ್ಯಾಶ್‌ಬೋರ್ಡ್ ಪಾಲಿಶ್ ಇವೆಲ್ಲಕ್ಕಿಂತ ವಾಸಿ, ಆದರೂ ಕೆಲವು ವಾರಗಳ ಮಾತು. ಮುಂದೆ ಪೇಂಟ್ ಮಾಡಿಸುವ ಯೋಚನೆಯಿದ್ದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಸಿಲಿಕೋನ್ ತಾಗಿದ ಜಾಗದಲ್ಲಿ ಪೇಂಟು ಕೂರದೆ ಸಣ್ಣ ಗುಳಿ ಬೀಳುತ್ತದೆ, ಪೇಂಟರು ಬೈಯುತ್ತಾನೆ.

ಹೆಚ್ಚು ಕಾಲ ನಿಲ್ಲುವುದು ಒಣಗಿ ಪದರ ಕಟ್ಟುವ ಲೇಪಗಳು. ಟ್ರಿಮ್ ರಿಸ್ಟೋರರ್, ಸೆರಾಮಿಕ್ ಕೋಟಿಂಗ್ ಎಂಬ ಹೆಸರಲ್ಲಿ ಸಣ್ಣ ಸೀಸೆಗಳಲ್ಲಿ ಸಿಗುತ್ತವೆ. ಇವು ಬಿರುಕು ತುಂಬಿ ಅಲ್ಲೇ ಗಟ್ಟಿಯಾಗುತ್ತವೆ. ಯಶಸ್ಸು ಸೀಸೆಗಿಂತ ಹೆಚ್ಚಾಗಿ ತೊಳೆಯುವುದರಲ್ಲಿದೆ. ಎಣ್ಣೆಯ ಪಸೆ ಇದ್ದರೆ ಯಾವ ಲೇಪವೂ ಹಿಡಿಯದು. ಸೋಪಿನಲ್ಲಿ ಉಜ್ಜಿ, ಆರಲು ಬಿಟ್ಟು, ಆಲ್ಕೊಹಾಲಿನಲ್ಲಿ ಒರೆಸಿ, ಪಕ್ಕದ ಪೇಂಟಿಗೆ ಟೇಪು ಅಂಟಿಸಿ, ನೆರಳಿನಲ್ಲಿ ತೆಳ್ಳಗೆ ಹಚ್ಚಬೇಕು. ಬಿಸಿಲಲ್ಲಿ ಹಚ್ಚಿದರೆ ಹರಡುವ ಮೊದಲೇ ಒಣಗಿ ಪಟ್ಟೆ ಪಟ್ಟೆಯಾಗುತ್ತದೆ.

ಹೀಟ್ ಗನ್ನಿನ ಚಮತ್ಕಾರ ನೋಡುವವರಿಗೆ ಬೆರಗು. ಬಿಸಿಗಾಳಿ ತಾಗಿದ ಕಡೆ ಬೂದಿಬಣ್ಣ ಹೋಗಿ ಕಪ್ಪು ಮೇಲೇಳುತ್ತದೆ. ಆಗುವುದಿಷ್ಟು: ಮೇಲ್ಪದರ ಕರಗಿ ಬಿರುಕು ಮುಚ್ಚುತ್ತದೆ. ಪಾಲಿಪ್ರೊಪಿಲೀನ್ 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವುದರಿಂದ ಗನ್ನು ಒಂದೇ ಕಡೆ ನಿಂತರೆ ಬಂಪರು ಜೋಲುತ್ತದೆ. ತೀರಿಹೋದ ರಕ್ಷಕ ರಾಸಾಯನಿಕಗಳನ್ನು ಬಿಸಿ ಮರಳಿ ತರುವುದಿಲ್ಲ, ಬಿಳುಪು ಬೇಗನೆ ಹಿಂದಿರುಗುತ್ತದೆ. ಆಳವಾದ ಗೀರಿಗೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಎದ್ದ ಸಿಬಿರನ್ನು ಬ್ಲೇಡಿನಿಂದ ಹೆರೆದು, ಸ್ವಲ್ಪ ಬಿಸಿ ತೋರಿಸಿದರೆ ಗೀರಿನ ಅಂಚು ಕೂರುತ್ತದೆ.

ಎಲ್ಲವೂ ಮುಗಿದ ಮೇಲಿನ ದಾರಿ ಪೇಂಟು. ಪಾಲಿಪ್ರೊಪಿಲೀನಿಗೆ ನೇರವಾಗಿ ಹೊಡೆದ ಸ್ಪ್ರೇ ಪೇಂಟು ಮುಂದಿನ ಮಳೆಗಾಲಕ್ಕೆ ಸಿಪ್ಪೆಯಾಗಿ ಏಳುತ್ತದೆ. ಮೊದಲು ಪ್ಲಾಸ್ಟಿಕ್ ಪ್ರೈಮರ್, ಆಮೇಲೆ ಒರಟು ಮೇಲ್ಮೈ ಕೊಡುವ ಬಂಪರ್ ಪೇಂಟು ಹೊಡೆಸಬೇಕು. ಅಷ್ಟು ಮಾಡಿಸುವ ಮೊದಲು ಬಿಡಿಭಾಗದ ಅಂಗಡಿಯಲ್ಲಿ ಬೆಲೆ ಕೇಳುವುದು ಜಾಣತನ. ಬಂಪರು ದೊಡ್ಡದು, ಅದನ್ನು ಉಳಿಸಿಕೊಳ್ಳುವುದೇ ಲಾಭ. ವೈಪರ್ ಬುಡದ ಜಾಲರಿ, ಬೀಡಿಂಗಿನಂಥ ಸಣ್ಣ ತುಂಡು ಮುಟ್ಟಿದರೆ ಮುರಿಯುವಷ್ಟು ಗಡುಸಾಗಿದ್ದರೆ ಯಾವ ಲೇಪಕ್ಕೂ ಹಣ ಸುರಿಯದೆ ಹೊಸದನ್ನೇ ಹಾಕಿಸಬೇಕು. ಅದರಲ್ಲೂ ಆ ಜಾಲರಿಗೆ ಹೀಟ್ ಗನ್ ಹಿಡಿಯಲು ಯಾರನ್ನೂ ಬಿಡಬಾರದು, ಬಿಸಿ ತಾಗಿ ಮುಂದಿನ ಗಾಜು ಸೀಳಬಹುದು.